ಹಗೇವಿನೊಳಗಿನ ನೀಲಿ ಹರಳು

1988ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಇಯತ್ತೆ, ಅದೂ ಪೂರ್ತಿಯಲ್ಲ. ಬಡತನ ಬಿಡಿಸಿತು, ಹಣೆಬರಹ ಬಿಡಿಸಿತು ಎಂದು ಹೇಳಿ ಕೇಳುವವರ ಕಣ್ಣು ಒದ್ದೆ ಮಾಡುವ ಚಾಳಿ ನನಗಿಲ್ಲ. ಬೆಂಚಿನ ಮೇಲೆ ಕುಳಿತು ಇನ್ನೊಬ್ಬ ಹೇಳಿದ್ದನ್ನು ಬರೆದುಕೊಳ್ಳುವುದು ಕೆಲಸ ಎಂದು ನನಗೆ ಅನ್ನಿಸಲಿಲ್ಲ, ಎದ್ದು ಬಂದೆ. ಮೂಡಲಗಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣ ಹಿಡಿಯುವ ಕೆಲಸಕ್ಕೆ ನಿಂತೆ. ಆಮೇಲೆ ಸ್ವಂತ ಶೆಡ್ ಹಾಕಿದೆ. ಕಬ್ಬು ಹೇರುವ ಟ್ರಾಲಿ ಮಾಡುವುದು ನನ್ನ ಉದ್ಯೋಗ. ಕಾರ್ಖಾನೆಗಳ ಹಂಗಾಮು ಸುರುವಾದರೆ ಗೋಕಾಕದ ರಸ್ತೆಗೆ ಹೋಗಿ ನಿಲ್ಲಿರಿ, ಹುಕ್ಕೇರಿಯ ರಸ್ತೆಗೆ ಹೋಗಿ ನಿಲ್ಲಿರಿ. ಹೇರಿದ ಭಾರಕ್ಕೆ ಸೊಂಟ ಬಗ್ಗಿಸದೆ ಹೋಗುವ ಟ್ರಾಲಿ ಕಂಡರೆ ಅದು ನನ್ನದು. ಬಗ್ಗಿದ್ದು ಯಾರದೆಂದು ನಾನು ಹೇಳುವುದಿಲ್ಲ.

ಓದಿದವರ ಬಗ್ಗೆ ನನಗೆ ಒಂದು ಅಭಿಪ್ರಾಯವಿದೆ. ಅವರು ಬೆವರಿಗೆ ಹೆದರಿ ಓದಿದವರು. ಎದುರಿಗೆ ಒಂದು ನಟ್ಟು ಸಡಿಲಾಗಿದ್ದರೆ ಅದರ ಮೇಲೆ ಮಾತಾಡುತ್ತಾರೆ, ಬಿಗಿ ಮಾಡುವುದಿಲ್ಲ. ಈ ಅಭಿಪ್ರಾಯವನ್ನು ಬದಲಿಸಿಕೊಂಡೆ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನಮ್ಮ ಮನೆಯೊಳಗೆ ನಡೆದದ್ದನ್ನು ಹುಕ್ಕೇರಿಯ ಮಂದಿ ತಮಗೆ ಬೇಕಾದ ಹಾಗೆ ಹೇಳಿಕೊಂಡು ನಗುತ್ತಿದ್ದಾರೆ. ನಡೆದದ್ದು ನಡೆದ ಹಾಗೆ ಒಂದು ಕಡೆ ಇರಲಿ.

ಹುಕ್ಕೇರಿಯ ಮಂದಿ ಅಂದರೆ ಮುಖ್ಯವಾಗಿ ನನ್ನ ಬೀಗರು. ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರಾಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ, ಕಿಸೆಯಲ್ಲಿ ಎರಡು ಪೆನ್ನು. ಒಂದು ಕೆಂಪು. ಈಗ ಯಾರ ಉತ್ತರ ತಿದ್ದಲು ಆ ಕೆಂಪು ಪೆನ್ನು ಎಂದು ನಾನೊಮ್ಮೆ ಕೇಳಿದ್ದೆ, ಅವರಿಗೆ ಸಿಟ್ಟು ಬಂದಿತ್ತು. ಅವರ ಮಗಳೇ ನನ್ನ ಸೊಸೆ.

ಹೆಣ್ಣು ಕೇಳಲು ಹೋದ ದಿನವೇ ನಮ್ಮಿಬ್ಬರ ಸಂಬಂಧ ಎಂಥದೆಂದು ಗೊತ್ತಾಗಿತ್ತು. ಚಹಾ ಕುಡಿದು ಆದ ಮೇಲೆ ಬೀಗರು, "ಓದೂದು ಮುಗೀತಂತ ತಿಳೀರಿ. ಮದುವಿ ಆದಮ್ಯಾಲೆ ಮನಿ ನೋಡ್ಕೋತಾಳ, ಬೇಕಂದ್ರ ಯಾವದರ ಸಾಲಿಗೆ ಕಲಿಸಾಕ ಹೋಗ್ತಾಳ" ಎಂದರು.

ನಡುಮನೆಯ ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು: "ಮುಗದಿಲ್ರಿ. ಪಿಎಚ್‌ಡಿ ಐತ್ರಿ."

ಕೂತವರೆಲ್ಲ ಕಪ್ಪು ಬಸಿ ನೋಡತೊಡಗಿದರು. ನಾನು ಬಾಗಿಲ ಕಡೆ ತಿರುಗಿ ಕೇಳಿದೆ: "ಎಷ್ಟ ವರ್ಷದ ಕೆಲಸ ಅದು, ತಂಗಿ?"

"ಐದ್ರಿ. ಇನ್ನೂ ಮೂರ ಉಳದಾವ್ರಿ."

"ಹಿಡದ ಕೆಲಸ ಅರ್ಧಕ್ಕ ಬಿಡೂದು ನನಗ ಸೇರೂದಿಲ್ಲ. ಮುಗಸು."

ಬೀಗರು ನಕ್ಕರು. "ಸಾಲಿ ಅರ್ಧಕ್ಕ ಬಿಟ್ಟಾವ್ರು ಹೇಳೂ ಮಾತೇನ್ರಿ ಇದು?"

"ಸಾಲಿ ಎಲ್ಲಿ ಕೆಲಸ ಆತ್ರಿ, ಬೀಗ್ರ?" ಎಂದೆ.

ಹತ್ತು ಮಂದಿಯ ಎದುರು ಕೊಟ್ಟ ಮಾತು ಅದು. ಮುಂದೆ ಆದದ್ದೆಲ್ಲ ಆ ಮಾತಿನಿಂದ ಆದದ್ದು.

ಮದುವೆಯಾದ ಮೇಲೆ ಸೊಸೆ ವಾರದಲ್ಲಿ ನಾಲ್ಕು ದಿನ ವಿಶ್ವವಿದ್ಯಾಲಯದಲ್ಲಿ, ಮೂರು ದಿನ ಮೂಡಲಗಿಯಲ್ಲಿ. ಏನು ಮಾಡುತ್ತಾಳೆ ಎಂದು ಓಣಿಯವರು ಕೇಳಿದರೆ ನನ್ನ ಮಗ "ಅಯಸ್ಕಾಂತದ್ದು ಏನೋ" ಎನ್ನುತ್ತಿದ್ದ. ಗಂಡನಾದವನು ಅಷ್ಟಾದರೂ ತಿಳಿದುಕೊಂಡಿದ್ದು ದೊಡ್ಡದು. ನನ್ನ ಮನೆಯಲ್ಲಿ ನಡೆಯುವ ಕೆಲಸ ನನಗೆ ಗೊತ್ತಿರಬೇಕು ಎಂದು ಒಂದು ದಿನ ಊಟವಾದ ಮೇಲೆ ಅವಳನ್ನೇ ಕೂರಿಸಿ ಕೇಳಿದೆ. ಅವಳು ಅಂಗಳದಲ್ಲಿದ್ದ ಮಲಗುವ ಹೊರಸಿನ ಹತ್ತಿರ ನನ್ನನ್ನು ಕರೆದೊಯ್ದಳು. ನವಾರಿನ ಹೊರಸಲ್ಲ, ಹಗ್ಗದಿಂದ ಚೌಕ ಚೌಕ ಹೆಣೆದದ್ದು.

"ಮಾವಾರ, ಇದರಾಗಿನ ಒಂದೊಂದ ಗಂಟೂ ಒಂದೊಂದ ತಾಮ್ರದ ಅಣು ಅಂತ ತಿಳೀರಿ. ಒಂದೊಂದೂ ಒಂದ ಸಣ್ಣ ಅಯಸ್ಕಾಂತ. ಒಂದು ಮ್ಯಾಲ ಮುಖಾ ಮಾಡಿದ್ರ ಬಾಜೂದ್ದು ಕೆಳಗ ಮುಖಾ ಮಾಡ್ತೈತಿ. ಅದರ ಬಾಜೂದ್ದು ಮತ್ತ ಮ್ಯಾಲ."

"ನಾನೂ ನಿಮ್ಮಪ್ಪನೂ ಇದ್ದಂಗ."

"ಹಾಂಗ ಅನ್ರಿ. ಅದಕ್ಕ ಹೊರಗಿನವ್ರಿಗೆ ಅದು ಅಯಸ್ಕಾಂತ ಅಂತ ಗೊತ್ತಾಗೂದ ಇಲ್ಲ. ಒಂದರದು ಒಂದು ಹೊಡದ ಹಾಕ್ತೈತಿ." ಅವಳು ನಡುವಿನ ಒಂದು ಗಂಟನ್ನು ಬೆರಳಿನಿಂದ ಒತ್ತಿ ಬಿಟ್ಟಳು. ಸುತ್ತಲಿನ ಹಗ್ಗ ನಡುಗಿತು. "ಒಂದನ್ನ ಅಲಗಿಸಿದ್ರ ಆ ಅಲಗಾಟ ಅಲೆಯಾಗಿ ಹೋಗ್ತೈತ್ರಿ. ಆ ಅಲೆ ಹಿಡಿಯೂದು ನಮ್ಮ ಕೆಲಸ."

ಅವಳು ಬೆಳೆಸುವ ತಾಮ್ರದ ಉಪ್ಪಿನ ಹರಳಿನಲ್ಲಿ ಇಂಥ ಹೊರಸುಗಳು ಒಂದರ ಮೇಲೊಂದು ಅಟ್ಟಿ ಹಾಕಿದಂತೆ ಇರುತ್ತವೆ. ನಡುನಡುವೆ ನೀರಿನ ತೆಳು ಪದರ. ನೀರು ನಡುವೆ ಇರುವುದರಿಂದ ಮೇಲಿನ ಹೊರಸಿಗೂ ಕೆಳಗಿನದಕ್ಕೂ ಮಾತುಕತೆ ಇಲ್ಲ. ಪ್ರತಿ ಹೊರಸಿನ ನಡುಕ ಆಯಾ ಹೊರಸಿನೊಳಗೇ. ಅದಕ್ಕೆ ಎರಡು ಆಯಾಮದ್ದು ಎನ್ನುತ್ತಾರೆ. ಎಷ್ಟೇ ತಣ್ಣಗೆ ಮಾಡಿದರೂ ಈ ಅಯಸ್ಕಾಂತಗಳು ಪೂರಾ ಸುಮ್ಮನೆ ಕೂರುವುದಿಲ್ಲವಂತೆ, ಒಳಗೊಳಗೇ ಚಡಪಡಿಸುತ್ತವಂತೆ. ಅಲೆ ಎಲ್ಲ ದಿಕ್ಕಿಗೂ ಸರಿಯಾಗಿ ಹೋಗುತ್ತದೆ, ಒಂದು ದಿಕ್ಕಿನಲ್ಲಿ ಮಾತ್ರ, ಅದೂ ಅತಿ ಸಣ್ಣ ಅಲೆಯಾದಾಗ ಮಾತ್ರ, ಮಸುಕಾಗುತ್ತದೆ. ಅಲ್ಲಿ ಅಲೆ ಮುರಿದು ಎರಡು ತುಂಡಾಗುತ್ತದೆ ಎಂದು ಒಂದು ಗುಂಪು, ಇಲ್ಲ ಸುಮ್ಮನೆ ಬಳಲುತ್ತದೆ ಎಂದು ಇನ್ನೊಂದು ಗುಂಪು. ಜಗತ್ತಿನ ಜಾಣರೆಲ್ಲ ವರ್ಷಾನುಗಟ್ಟಲೆ ಇದರ ಮೇಲೆ ಬಡಿದಾಡುತ್ತಿದ್ದಾರೆ. ನಮ್ಮಲ್ಲಿ ಹೊಲದ ಬದುವಿನ ಜಗಳ ಇದಕ್ಕಿಂತ ಬೇಗ ಬಗೆಹರಿಯುತ್ತದೆ.

"ಬಗಿಹರದ ಮ್ಯಾಲೆ ಏನ ಉಪಯೋಗ?" ಎಂದು ಕೇಳಿದೆ.

"ಸದ್ಯಕ್ಕ ಏನೂ ಇಲ್ರಿ" ಎಂದಳು. ಮುಖದಲ್ಲಿ ನಾಚಿಕೆ ಇರಲಿಲ್ಲ. ಅವಳ ಅಪ್ಪನಾಗಿದ್ದರೆ ಮೊಬೈಲು, ರಾಕೆಟ್ಟು ಎಂದು ಅರ್ಧ ತಾಸು ಕೊರೆಯುತ್ತಿದ್ದರು. ಈ ಹುಡುಗಿ ಸುಳ್ಳು ಹೇಳುವುದಿಲ್ಲ ಎಂದು ಆವತ್ತು ಗೊತ್ತಾಯಿತು.

ಅಲೆ ಹಿಡಿಯಲು ನ್ಯೂಟ್ರಾನ್ ಬೇಕು. ಅದು ರಿಯಾಕ್ಟರಿನಿಂದ ಬರುವ ಕಣ. ಕಲ್ಲಿನೊಳಗೆ ಹೊಕ್ಕು, ಒಳಗಿನ ಸಣ್ಣ ಅಯಸ್ಕಾಂತಗಳಿಗೆ ತಾಗಿ, ಅಲುಗಿಸಿ, ಹೊರಗೆ ಬರುತ್ತದೆ. ಬರುವಾಗ ಎಷ್ಟು ಶಕ್ತಿ ಕಳೆದುಕೊಂಡಿತು, ಎಷ್ಟು ಓರೆಯಾಯಿತು ಎಂದು ನೋಡಿದರೆ ಅಲೆಯ ಲೆಕ್ಕ ಸಿಗುತ್ತದೆ. ತೊಂದರೆ ಏನೆಂದರೆ ಇದಕ್ಕೆ ಸಾಸಿವೆಯಷ್ಟು ಹರಳು ಸಾಲದು, ಹೆಬ್ಬೆರಳಿನ ಗೆಣ್ಣಿನಷ್ಟಾದರೂ ಬೇಕು. ಎರಡನೆಯ ತೊಂದರೆ ನೀರು. ಸಾದಾ ನೀರಿನ ಹೈಡ್ರೋಜನ್ನಿಗೆ ಬಡಿದರೆ ನ್ಯೂಟ್ರಾನುಗಳು ಎಲ್ಲ ಕಡೆ ಚೆಲ್ಲಾಪಿಲ್ಲಿ. ಕಬ್ಬಿನ ಗಾಡಿ ಎಬ್ಬಿಸಿದ ಧೂಳಿಗೆ ಹೆಡ್‌ಲೈಟ್ ಬಿಟ್ಟ ಹಾಗೆ, ಬೆಳಕೇ ಬೆಳಕು, ರಸ್ತೆ ಮಾತ್ರ ಕಾಣುವುದಿಲ್ಲ. ಅದಕ್ಕೆ ಹೈಡ್ರೋಜನ್ನಿನ ಜಾಗದಲ್ಲಿ ಅದರದೇ ಭಾರದ ಜಾತಿ ಇರುವ ಭಾರಜಲದಲ್ಲೇ ಹರಳು ಬೆಳೆಸಬೇಕು. ಸಾದಾ ನೀರು ಒಂದು ಹನಿ ಸೋಕಬಾರದು.

ವಿಶ್ವವಿದ್ಯಾಲಯದಲ್ಲಿ ಬೆಳೆಸಿ ನೋಡಿದ್ದಳು. ಅಲ್ಲಿ ರವಿವಾರ ಎಸಿ ಬಂದ್ ಮಾಡುತ್ತಿದ್ದರು. ಸೋಮವಾರ ಹೋದರೆ ಕೋಣೆ ಕಾದು ಹರಳು ಕರಗಿರುತ್ತಿತ್ತು, ಇಲ್ಲವೇ ಬಿರುಕು ಬಿಟ್ಟಿರುತ್ತಿತ್ತು. ಹೀಗೆ ಒಂದು ವರ್ಷ ಹೋಯಿತು. ಅಷ್ಟು ದೊಡ್ಡ ಕಟ್ಟಡ, ಅಷ್ಟು ಪಗಾರ ಎಣಿಸುವ ಮಂದಿ, ಒಂದು ಕೋಣೆಯನ್ನು ಒಂದೇ ಬಿಸುಪಿನಲ್ಲಿ ಇಡಲು ಆಗಲಿಲ್ಲ.

ನಮ್ಮ ಅಂಗಳದಲ್ಲಿ ಒಂದು ಹಗೇವು ಇದೆ. ನೆಲದೊಳಗೆ ಗಡಿಗೆಯ ಆಕಾರದಲ್ಲಿ ಕಡಿದ, ಬಾಯಿ ಸಣ್ಣದು ಹೊಟ್ಟೆ ದೊಡ್ಡದಾದ ಕಣಜ. ನಮ್ಮ ಅಜ್ಜನ ಕಾಲಕ್ಕೆ ವರ್ಷದ ಜೋಳವೆಲ್ಲ ಅದರೊಳಗೆ. ಕಬ್ಬು ಬಂದು ಜೋಳ ಹೋದ ಮೇಲೆ ಅದರ ಬಾಯಿಗೆ ಒಂದು ಹಾಸುಗಲ್ಲು ಮುಚ್ಚಿ ಮರೆತುಬಿಟ್ಟಿದ್ದೆವು. ಆ ಕಲ್ಲಿನ ಕೆಳಗೆ ಏನೆಂದು ಸೊಸೆ ಕೇಳಿದಾಗ ನನ್ನ ಅವ್ವ ಹೇಳಿದಳು: "ಹಗೇವು, ಯವ್ವಾ. ಬ್ಯಾಸಗಿ ಇರ್ಲಿ ಥಂಡಿ ಇರ್ಲಿ, ಒಳಗ ಒಂದ ನಮೂನಿ. ಜ್ವಾಳಾ ಇಟ್ಟ ವರ್ಷ ಬಿಟ್ಟ ತಗದ್ರೂ ಹಾಂಗ ಇರ್ತಿತ್ತು."

ಸೊಸೆ ರೊಟ್ಟಿ ತಿನ್ನುವುದನ್ನು ನಿಲ್ಲಿಸಿದಳು.

ಮರುದಿನ ಕಲ್ಲು ಸರಿಸಿದೆವು. ಹಗೇವಿನೊಳಗೆ ಕೆಟ್ಟ ಗಾಳಿ ಇರುತ್ತದೆ, ಗೊತ್ತಿಲ್ಲದೆ ಇಳಿದವನು ಮೇಲೆ ಬರುವುದಿಲ್ಲ. ಹಾಗಾಗಿ ಯಾರೂ ಇಳಿಯುವುದೇ ಬೇಡ ಎಂದು ಬಾಯಿಯ ಮೇಲೆ ಮೂರು ಕಾಲಿನ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಶೆಡ್ಡಿನಲ್ಲಿ ಎಂಜಿನ್ ಎತ್ತುವ ಚೈನ್ ಪುಲ್ಲಿ ಕಟ್ಟಿದೆ. ಅದಕ್ಕೆ ತೂಗುವ ಎರಡು ಅಂತಸ್ತಿನ ಕಪಾಟು. ಅದರಲ್ಲಿ ಮುಚ್ಚಳ ಬಿಗಿದ ಆರು ಗಾಜಿನ ಬರಣಿ. ಬರಣಿಯೊಳಗೆ ಭಾರಜಲದಲ್ಲಿ ಕರಗಿಸಿದ ತಾಮ್ರದ ಉಪ್ಪು, ಮೇಲೆ ತೇವ ಹೀರುವ ಪುಡಿಯ ಪೊಟ್ಟಣ, ಅದು ನೀರು ಹೀರಿದ ಹಾಗೆ ಕೆಳಗೆ ಉಪ್ಪು ಹರಳುಗಟ್ಟಬೇಕು. ಚೈನು ಎಳೆದರೆ ಕಪಾಟು ಅಲುಗದೆ ಇಳಿಯುತ್ತಿತ್ತು, ಅಲುಗದೆ ಏರುತ್ತಿತ್ತು. ಒಂದು ಕೈಯಿಂದ ಎಳೆಯಬಹುದು, ಅಷ್ಟು ಹಗುರ. ಈ ಹಗುರವೇ ಮುಂದೆ ಮುಳುವಾಯಿತು.

ಹರಳನ್ನು ಹಿಡಿದಿಡುವ ಚೌಕಟ್ಟನ್ನೂ ನಾನೇ ಮಾಡುತ್ತೇನೆ ಎಂದೆ. ಮಾಡಿಕೊಟ್ಟೆ. ಸೊಸೆ ಎರಡು ಕೈಯಲ್ಲಿ ಎತ್ತಿ ನೋಡಿ ನಕ್ಕಳು. "ಮಾವಾರ, ಇದರ ಮ್ಯಾಲೆ ಕಬ್ಬ ಹೇರಬಹುದ್ರಿ." ಕಬ್ಬಿಣ ಕೂಡದಂತೆ. ಉಗುರಿನಷ್ಟು ತೆಳು ಅಲ್ಯುಮಿನಿಯಂ ತಗಡು ಸಾಕಂತೆ, ನ್ಯೂಟ್ರಾನಿಗೆ ಅಲ್ಯುಮಿನಿಯಂ ಇದ್ದೂ ಇಲ್ಲದ ಹಾಗೆ. ಆ ತಗಡನ್ನು ವಿಶ್ವವಿದ್ಯಾಲಯದ ವರ್ಕ್‌ಶಾಪಿನಲ್ಲಿ ಮಾಡಿಸಿ ತಂದಳು. ಅಂಚು ಉಜ್ಜಿರಲಿಲ್ಲ. ನಾನೇ ಅರದಿಂದ ಉಜ್ಜಿ ಕೊಟ್ಟೆ.

ಅವಳ ಗೈಡ್ ಒಮ್ಮೆ ಹಗೇವು ನೋಡಲು ಬಂದರು. ಕಾರಿನಿಂದ ಇಳಿಯುವಾಗಲೇ ಮೂಗಿಗೆ ಕರ್ಚೀಫು. ಹಗೇವಿನ ಬಾಯಿಯಲ್ಲಿ ಬಗ್ಗಿ ಒಂದು ಫೋಟೋ ತೆಗೆದರು, ಇಂಗ್ಲಿಷಿನಲ್ಲಿ ಎರಡು ಮಾತು ಅಂದರು, ನಮ್ಮ ಮನೆಯ ಹೋಳಿಗೆ ಉಂಡು, ನಮ್ಮದೇ ಹೊರಸಿನ ಮೇಲೆ ಮಲಗಿ ಗೊರಕೆ ಹೊಡೆದರು. ಅವರು ತಲೆಯಿಟ್ಟಿದ್ದ ಕಡೆ ಎಷ್ಟು ಗಂಟು ಮೇಲೆ, ಎಷ್ಟು ಕೆಳಗೆ ಎಂದು ನಾನು ನೋಡುತ್ತ ಕೂತಿದ್ದೆ. ಎದ್ದು ಹೋಗುವಾಗ "ನಮ್ಮ ಪ್ರಯೋಗಕ್ಕೆ ಒಳ್ಳೆ ವ್ಯವಸ್ಥೆ ಆಯ್ತು" ಎಂದರು. ನಮ್ಮ ಪ್ರಯೋಗ! ಬೆಳಗಿನ ಜಾವ ಎದ್ದು ಚೈನು ಎಳೆದವಳು ಒಬ್ಬಳು, ನಮ್ಮದು ಎನ್ನುವವರು ಹಲವರು.

ಹೊರದೇಶದ ರಿಯಾಕ್ಟರಿನಲ್ಲಿ ಸಮಯ ಬೇಡಿ ಎರಡು ಸಲ ಅರ್ಜಿ ಹಾಕಿದ್ದಳು, ಎರಡು ಸಲವೂ ಇಲ್ಲ ಎಂದಿದ್ದರು. ಮೂರನೆಯ ಸಲ ಸಿಕ್ಕಿತು. ದೀಪಾವಳಿ ಮುಗಿದ ಮೇಲೆ ನಾಲ್ಕು ದಿನ. ಅಷ್ಟರಲ್ಲಿ ಅವಳ ಫೆಲೋಶಿಪ್ಪಿನ ಕೊನೆಯ ವರ್ಷ ಸುರುವಾಗಿತ್ತು. ಅತ್ತ ಬೀಗರು ಸುಮ್ಮನಿರಲಿಲ್ಲ. ಹುಕ್ಕೇರಿ ಕಡೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಮಾತಾಡಿ, ದೀಪಾವಳಿ ಸೂಟಿ ಮುಗಿದ ಕೂಡಲೇ ಸೇರಿಕೊಳ್ಳುವ ಹಾಗೆ ಮಗಳಿಗೆ ಒಂದು ಜಾಗ ಹಿಡಿದಿಟ್ಟರು. ಅವಳ ಕೈಯಿಂದ ಒಂದು ಮಾತೂ ತೆಗೆದುಕೊಂಡರು: ಆ ನಾಲ್ಕು ದಿನಕ್ಕೆ ಹರಳು ತಯಾರಾದರೆ ಹೋಗು, ಆಗದಿದ್ದರೆ ಪಿಎಚ್‌ಡಿ ಬಿಟ್ಟು ಸಾಲಿಗೆ ಸೇರು. ಅವಳು ಹೂಂ ಅಂದಿದ್ದಳು. ಹರಳು ಚೆನ್ನಾಗಿ ಬೆಳೆಯುತ್ತಿತ್ತು, ಹಾಗಾಗಿ ಅಂದಿದ್ದಳು.

ಸೀಗಿ ಹುಣ್ಣಿವೆ ಬಂತು. ನಮ್ಮ ಕಡೆ ಆವತ್ತು ಭೂಮಿತಾಯಿ ಬಸುರಿ. ಹೊಲದಲ್ಲಿ ಬೆಳೆಯುವುದಕ್ಕೆಲ್ಲ ಸೀಮಂತ. ಕಡಬು, ಹೋಳಿಗೆ, ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಬಾನ ಎಲ್ಲ ಮಾಡಿ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ, ಎಲ್ಲವನ್ನೂ ಕಲಸಿ ಬೆಳೆಗೆ ಚೆಲ್ಲಬೇಕು. ಅದನ್ನು ಚರಗ ಎನ್ನುತ್ತೇವೆ. ಈಗಿನವರು ಮೋಟಾರ್‌ಸೈಕಲ್ ಮೇಲೆ ಬಂದು, ಒಂದು ಹಿಡಿ ಚೆಲ್ಲಿ, ಚೆಲ್ಲಿದ್ದನ್ನು ಮೊಬೈಲಿನಲ್ಲಿ ಹಿಡಿದು ಹೊರಟುಬಿಡುತ್ತಾರೆ. ನಾವು ಹಾಗಲ್ಲ. ನಾನು, ಹೆಂಡತಿ, ಮಗ, ಸೊಸೆ ಎಲ್ಲ ಹೋದೆವು. ಅವ್ವನಿಗೆ ಮೊಣಕಾಲು ನೋವು, ಅವಳೊಬ್ಬಳೇ ಮನೆಯಲ್ಲಿ ಉಳಿದಳು.

ಹೊತ್ತು ಇಳಿಯುವ ಮೊದಲೇ ತಿರುಗಿ ಬಂದೆವು. ಅವ್ವ ಕಟ್ಟೆಯ ಮೇಲೆ ಕೂತಿದ್ದಳು, ಮುಖ ಅರಳಿತ್ತು.

"ಯವ್ವಾ, ನಿನ್ನ ಕೂಸಗೋಳಿಗೂ ಚರಗಾ ಕೊಟ್ಟೇನ ನೋಡ" ಎಂದಳು ಸೊಸೆಗೆ.

"ಯಾವ ಕೂಸ್ರಿ, ಆಯಿ?"

"ಹಗೇವಿನಾಗಿನ್ವು. ದಿನಾ ಬೆಳಿಗ್ಗಿ ಎದ್ದ ಎಷ್ಟ ಬೆಳದಾವ, ಎಷ್ಟ ಬೆಳದಾವ ಅಂತ ನೋಡ್ತಿ. ಹೊಲದಾಗ ಬೆಳಿಯೂದಕ್ಕ ಕೊಡ್ತೀರಿ, ಮನಿಯಾಗ ಬೆಳಿಯೂದು ಏನ ಪಾಪ ಮಾಡೇತಿ?"

ನಾವು ಹಗೇವಿನ ಕಡೆ ನೋಡಿದೆವು. ಕಪಾಟು ಮೇಲೆ ಬಂದಿತ್ತು. ಆರೂ ಬರಣಿಗಳಿಗೆ ಅರಿಷಿಣ ಕುಂಕುಮ. ನಡುವಿನದಕ್ಕೆ ಒಂದು ಹಸಿರು ಖಣ ಸುತ್ತಿ, ಉಡಿ ತುಂಬಿದ ಹಾಗೆ ಅಕ್ಕಿ, ಅಡಿಕೆ, ಉತ್ತತ್ತಿ ಇಟ್ಟಿದ್ದಳು. ಚೈನ್ ಪುಲ್ಲಿ ಹಗುರ ಎಂದೆನಲ್ಲ, ಎಪ್ಪತ್ತು ದಾಟಿದ ಮುದುಕಿ ತಾನೇ ಎಳೆದಿದ್ದಳು.

ಸೊಸೆ ಮೆಲ್ಲಗೆ ಕೇಳಿದಳು: "ಆಯಿ, ಮುಚ್ಚಳಾ ತಗದಿದ್ರೇನ್ರಿ?"

"ತಗೀದ ಬಾಯಾಗ ಹ್ಯಾಂಗ ಹಾಕೂದ? ಒಂದೊಂದ ಚಮಚಾ ಅಂಬಲಿ ತಿಳಿ ಹಾಕೇನಿ. ಜಾಸ್ತಿ ಹಾಕಿಲ್ಲ, ಸಣ್ಣ ಕೂಸ."

ನನ್ನ ಹೆಂಡತಿ ಬಾಯಿಗೆ ಸೆರಗು ಹಚ್ಚಿದಳು. ಮಗ ಎಂದಿನಂತೆ ನನ್ನ ಮುಖ ನೋಡಿದ. ಸೊಸೆ ಅವ್ವನ ಪಾದ ಮುಟ್ಟಿ, "ಚೊಲೋ ಆತ್ರಿ ಆಯಿ" ಎಂದು, ಹಿತ್ತಲಿಗೆ ಹೋಗಿ ಎಮ್ಮೆಗಳು ನೀರು ಕುಡಿಯುವ ಡೋಣಿಯ ಹತ್ತಿರ ಬೆನ್ನು ತಿರುಗಿಸಿ ನಿಂತಳು. ಭುಜ ಅಲುಗುತ್ತಿತ್ತು. ನಾನು ಅತ್ತ ಹೋಗಲಿಲ್ಲ. ಅಳುವವರ ಬಾಜೂ ನಿಂತು ಬೆನ್ನು ಸವರುವ ಕೆಲಸ ನನಗೆ ಬರುವುದಿಲ್ಲ. ಅವಳೇ ಬಂದಳು, ಮುಖ ತೊಳೆದುಕೊಂಡು.

"ಮಾವಾರ, ಬರ್ಫ ಬೇಕ್ರಿ. ಈಗಿಂದೀಗ."

"ಉಳಿತಾವೇನ?"

"ಸಾದಾ ನೀರ ಬಿದ್ದಮ್ಯಾಲೆ ಹರಳಿನ ಹೊರಗಿನ ಪದರಾ ಕರಗಾಕ ಹತ್ತಿರ್ತೈತ್ರಿ. ಈಗ ತಗದ್ರ ಒಳಗಿಂದು ಉಳೀತೈತಿ. ನಾಳಿ ತನಾ ಬಿಟ್ರ ಮತ್ತ ಅದ ನೀರಾಗ ಬೆಳ್ಯಾಕ ಸುರು ಮಾಡ್ತೈತಿ. ಆವಾಗ ಸಾದಾ ನೀರ ಒಳಗ ಹೊಕ್ಕಂಗ."

ಮಗನನ್ನು ಬಸ್‌ಸ್ಟ್ಯಾಂಡಿನ ಐಸ್ ಅಂಗಡಿಗೆ ಓಡಿಸಿದೆ. ಶೆಡ್ಡಿನ ಟೇಬಲ್ಲು ಒರೆಸಿ ಕೊಟ್ಟೆ. ಅವಳು ಪ್ಲಾಸ್ಟಿಕ್ಕಿನ ಚಿಮಟದಿಂದ ಒಂದೊಂದೇ ಹರಳು ಎತ್ತಿದಳು. ಮೈಲುತುತ್ತದ ನೀಲಿ, ಆದರೆ ಅದಕ್ಕಿಂತ ಸ್ವಚ್ಛ, ಅಂಚು ಚಾಕುವಿನಂತೆ. ಹೊರಗಿನ ಗಾಳಿ ಒಣಗಿದ್ದು. ಹೆಚ್ಚು ಹೊತ್ತು ಬಿಟ್ಟರೆ ಹರಳು ಒಳಗಿನ ನೀರು ಕಳೆದುಕೊಂಡು ಬೆಳ್ಳಗಾಗುತ್ತದಂತೆ. ಒರೆಸುವುದು, ಹೈಡ್ರೋಜನ್ ಇಲ್ಲದ ಒಂದು ಎಣ್ಣೆ ಹಚ್ಚುವುದು, ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತುವುದು, ಬರ್ಫದ ಪೆಟ್ಟಿಗೆಗೆ ಹಾಕುವುದು. ನಾನು ಹಾಳೆ ಹಿಡಿದುಕೊಂಡು ನಿಂತೆ. ಒಂದು ಪೂರ್ತಿ ಮುಗಿಯದೆ ಅವಳು ಇನ್ನೊಂದಕ್ಕೆ ಕೈ ಹಾಕಲಿಲ್ಲ. ನನ್ನ ಶೆಡ್ಡಿನಲ್ಲಿ ಹತ್ತು ವರ್ಷ ದುಡಿದವರೂ ಅವಸರ ಬಿದ್ದಾಗ ಹೀಗೆ ಮಾಡುವುದಿಲ್ಲ. ಒಂದು ಹರಳು ಎತ್ತುವಾಗಲೇ ಸೀಳಿತು. ಉಳಿದದ್ದು ಐದು. ಯಾವುದೂ ಬೇಕಾದಷ್ಟು ದೊಡ್ಡದಲ್ಲ, ಎಲ್ಲ ಗೋಲಿಯಷ್ಟು, ಗಜ್ಜುಗದ ಗಾತ್ರ. ಇನ್ನು ಮೂರು ವಾರ ಸಿಕ್ಕಿದ್ದರೆ ಆಗುತ್ತಿತ್ತು.

ಮರುದಿನ ಪೆಟ್ಟಿಗೆ ತೆಗೆದುಕೊಂಡು ಎಕ್ಸ್‌ರೇ ಮಾಡಿ ನೋಡಲು ವಿಶ್ವವಿದ್ಯಾಲಯಕ್ಕೆ ಹೋದಳು. ಅವಳು ಆ ಕಡೆ ಹೋದದ್ದೇ ತಡ, ಹುಕ್ಕೇರಿಯಿಂದ ಬೀಗರು ಈ ಕಡೆ ಬಂದರು. ನನ್ನ ಹೆಂಡತಿ ಫೋನಿನಲ್ಲಿ ಬೀಗಿತ್ತಿಗೆ ಎಲ್ಲ ಹೇಳಿಬಿಟ್ಟಿದ್ದಳು.

"ಶರಣ್ರಿ, ಬೀಗ್ರ. ಏನೋ ಸೀಮಂತಾ ಆತಂತಲ್ಲ ನಿಮ್ಮ ಮನ್ಯಾಗ? ನಮ್ಮನ್ನ ಕರೀಲೇ ಇಲ್ಲ" ಎನ್ನುತ್ತಲೇ ಕೂತರು.

"ಶರಣ್ರಿ. ಕರೀತಿದ್ವಿ. ಮಾಸ್ತರ ಬಂದ್ರ ಊಟಕ್ಕಿಂತ ಉಪದೇಶ ಜಾಸ್ತಿ ಆಗ್ತೈತಿ ಅಂತ ಬಿಟ್ವಿ."

"ಮೂವತ್ತ ವರ್ಷ ವಿಜ್ಞಾನ ಕಲಿಸೇನ್ರಿ ನಾ. ಹರಳಿಗೆ ಅಂಬಲಿ ಹಾಕೂದು ಯಾ ಪುಸ್ತಕದಾಗೂ ಓದಿಲ್ಲ."

"ಹಗೇವಿನಾಗ ಹರಳ ಬೆಳಸೂದು ಓದಿದ್ರೇನ? ಅದೂ ಇಲ್ಲ. ನಿಮ್ಮ ಮಗಳ ಬೆಳಸ್ಯಾಳ."

"ಬೆಳಸಿದ್ದು ಹೋತಲ್ಲ!" ಬೀಗರು ಕಿಸೆಯಿಂದ ಸಾಲಿಯ ಪತ್ರ ತೆಗೆದು ಟೇಬಲ್ಲಿನ ಮೇಲೆ ಇಟ್ಟರು. "ಮಾತು ಮಾತ್ರಿ. ಸೂಟಿ ಮುಗದ ದಿನಾ ಹಾಜರಾಗಬೇಕು."

ಅವ್ವ ಬಾಗಿಲಲ್ಲಿ ನಿಂತಿದ್ದಳು. ತಾನು ಮಾಡಿದ್ದು ಏನೆಂದು ಅವಳಿಗೆ ಅರ್ಧ ಗೊತ್ತಾಗಿತ್ತು, ಹಿಂದಿನ ರಾತ್ರಿಯಿಂದ ಉಂಡಿರಲಿಲ್ಲ. ಬೀಗರು ಅವಳತ್ತ ನೋಡಿ ನಕ್ಕರು. ಮೂವತ್ತು ವರ್ಷ ಮಕ್ಕಳ ಮೇಲೆ ನಕ್ಕು ರೂಢಿಯಾದ ನಗೆ. ನನ್ನನ್ನು ನೋಡಿ ನಕ್ಕಿದ್ದರೆ ಉತ್ತರ ಕೊಡುತ್ತಿದ್ದೆ. ಮುದುಕಿಯನ್ನು ನೋಡಿ ನಗುವವನಿಗೆ ಉತ್ತರವೂ ದಂಡ.

ಆಗ ನನ್ನ ಫೋನು ರಿಂಗಾಯಿತು. ಸೊಸೆ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಮಾವಾರ, ಐದೂ ಚೊಲೋ ಅದಾವ್ರಿ. ಒಳಗ ಬಿರಕಿಲ್ಲ. ಎಲ್ಲಾ ಒಂದ ತಗಡಿನ ಮ್ಯಾಲ ಕೂಡಸ್ತೀನಿ. ಆಯೀಗ ಊಟಾ ಮಾಡಾಕ ಹೇಳ್ರಿ."

ಬೀಗರು ಫೋನಿನ ಕಡೆ ಬಗ್ಗಿದರು. "ನಾ ಅದೀನವ್ವ ಇಲ್ಲೆ. ಐದ ಸಣ್ಣವು ಕೂಡಸಿದ್ರ ಒಂದ ದೊಡ್ಡದ ಆಗ್ತೈತೇನ?"

"ಐದರದೂ ದಿಕ್ಕ ಒಂದಾದ್ರ ಆಗ್ತೈತಿ, ಅಪ್ಪಾ."

"ಆಗಲಿಲ್ಲಂದ್ರ?"

"ಆಗಲಿಲ್ಲಂದ್ರ ಬಂದ ಸಾಲಿ ಹುಡುಕ್ತೀನಿ. ಮೊದಲ ಹೋಗಿ ಬರ್ತೀನಿ."

"ಈ ಜಾಗಾ ಅಲ್ಲಿ ತನಾ ಇರೂದಿಲ್ಲ!"

"ಇರದಿದ್ರ ಬಿಡಪ್ಪಾ."

ಬೀಗರು ಪತ್ರ ಮಡಚಿ ಕಿಸೆಗೆ ಹಾಕಿಕೊಂಡರು. ಊಟ ಮಾತ್ರ ಬಿಡಲಿಲ್ಲ. ನಾಲ್ಕು ಕಡಬು ತಿಂದು, ತುಪ್ಪ ಹೆಚ್ಚಾಯಿತು ಎಂದರು.

ಆಮೇಲಿನ ಎರಡು ವಾರ ಅವಳು ಅಲ್ಲೇ ಇದ್ದಳು. ಐದು ಹರಳುಗಳನ್ನು ಒಂದೇ ತಗಡಿನ ಮೇಲೆ, ಐದರ ಒಳಗಿನ ಹೊರಸುಗಳೂ ಒಂದೇ ಕಡೆ ತಿರುಗುವ ಹಾಗೆ, ಎಕ್ಸ್‌ರೇಯಲ್ಲಿ ನೋಡಿ ತಿರುಗಿಸಿ, ಮತ್ತೆ ನೋಡಿ ಮತ್ತೆ ತಿರುಗಿಸಿ ಕೂಡಿಸಬೇಕು. ಕೂದಲೆಳೆ ಓರೆಯಾದರೂ ಐದು ಅಲೆ ಐದು ಕಡೆ ಕಾಣುತ್ತವೆ. ಗೈಡ್ ಯಾವುದೋ ಸಮ್ಮೇಳನಕ್ಕೆ ಹೋಗಿದ್ದರು. ಹೋಗಿದ್ದು ಒಳ್ಳೆಯದೇ ಆಯಿತು.

ಹೊರಡುವ ದಿನ ನಾನೇ ಅವಳನ್ನು ಯಮಕನಮರಡಿಯ ಹೆದ್ದಾರಿಗೆ ಬಿಟ್ಟುಬಂದೆ. ಗೋಕಾಕದ ಮೇಲೆ ಹಾದು ಹೋಗುವಾಗ ಕರದಂಟು ಕಟ್ಟಿಸಿದೆ. ನ್ಯೂಟ್ರಾನು ತಿನ್ನುವ ಮಂದಿಯೂ ಒಂದಿಷ್ಟು ತಿನ್ನಲಿ. ಮುಂಬಯಿ ಬಸ್ಸಿನ ಕ್ಲೀನರ್ ಬರ್ಫದ ಪೆಟ್ಟಿಗೆ ನೋಡಿ, "ಮೀನ ಐತೇನ್ರಿ ಅಕ್ಕಾರ? ವಾಸನಿ ಬಂದ್ರ ಇಳಸ್ತೇನ ನೋಡ್ರಿ" ಎಂದ.

"ಕಲ್ಲ ಅದಾವಪ್ಪಾ" ಎಂದಳು.

"ಕಲ್ಲಿಗ್ಯಾಕ ಬರ್ಫ?" ಎಂದು ಅವನು ನನ್ನ ಕಡೆ ನೋಡಿದ. ಅವನಿಗೆ ಹೊರಸಿನ ಲೆಕ್ಕ ಹೇಳುತ್ತ ನಿಲ್ಲಲು ನನಗೆ ಪುರಸೊತ್ತಿರಲಿಲ್ಲ.

ಮೊದಲ ದಿನವೇ ಫೋನು ಬಂತು, ದನಿ ಸಣ್ಣದಾಗಿತ್ತು. ಧೂಳು ಎದ್ದಿತ್ತಂತೆ. ಐದರಲ್ಲಿ ಒಂದು ಹರಳಿಗೆ ಸಾದಾ ನೀರು ಹೊಕ್ಕಿತ್ತು. ಯಾವುದೆಂದು ಹುಡುಕಿ ಅದನ್ನು ತೆಗೆಯಲು ಒಂದು ದಿನ ಹೋಯಿತು. ಮತ್ತೆ ತಣ್ಣಗೆ ಮಾಡಲು ಇನ್ನರ್ಧ ದಿನ. ಉಳಿದ ಎರಡೂವರೆ ದಿನದಲ್ಲಿ ನಾಲ್ಕು ಗಜ್ಜುಗ. ಮನೆಯಲ್ಲಿ ನಾನು ಯಾರಿಗೂ ಹೇಳಲಿಲ್ಲ. ಶೆಡ್ಡಿನಲ್ಲಿ ಆ ವಾರ ಮಾಡಿದ ಎರಡು ಟ್ರಾಲಿಯ ಹಿಂಬಾಗಿಲು ಸರಿ ಕೂಡಲಿಲ್ಲ, ಬಿಚ್ಚಿ ಮತ್ತೆ ಮಾಡಿದೆ.

ಕೊನೆಯ ದಿನ ಮತ್ತೆ ಫೋನು.

"ಕಾಣಸ್ತ್ರಿ, ಮಾವಾರ. ಎಲ್ಲಾ ದಿಕ್ಕಿನಾಗೂ ಗೆರಿ ಸಣ್ಣ ಐತಿ. ಆ ಒಂದ ದಿಕ್ಕಿನಾಗ ಅಗಲ ಆಗೇತ್ರಿ."

"ಮುರದೈತೋ ಇಲ್ಲೋ, ಅದನ್ನ ಹೇಳ."

"ಮುರದೈತಿ ಅಂತ ನನಗ ಅನಸ್ತೈತಿ. ಖರೆ ಹೇಳಬೇಕಂದ್ರ ಇನ್ನೊಮ್ಮಿ ನೋಡಬೇಕ್ರಿ, ದೊಡ್ಡ ಹರಳ ತಂದು. ನನ್ನ ಥೀಸಿಸ್ಸಿಗೆ ಇಷ್ಟ ಸಾಕ್ರಿ. ಮುಗೀತ್ರಿ."

ಇಷ್ಟು ಮಾಡಿ "ಅನ್ನಿಸುತ್ತದೆ"! ನಾನು ಗಿರಾಕಿಗೆ ಟ್ರಾಲಿ ಕೊಟ್ಟು, ಗಾಲಿ ತಿರುಗುತ್ತದೆ ಅಂತ ಅನ್ನಿಸುತ್ತದೆ, ಇನ್ನೊಮ್ಮೆ ನೋಡೋಣ ಎಂದರೆ ಚಪ್ಪಲಿ ಕೈಗೆ ಬರುತ್ತದೆ. ಓದಿದವರ ಜಗತ್ತಿನಲ್ಲಿ ಅದಕ್ಕೆ ಶಾಲು ಹೊದಿಸುತ್ತಾರೆ. ಆದರೆ "ಮುಗೀತ್ರಿ" ಎಂದಳಲ್ಲ, ಅದನ್ನು ಮಾತ್ರ ಎರಡು ಸಲ ಹೇಳಿಸಿದೆ.

ಆಮೇಲೆ ಲೇಖನ ಅಚ್ಚಾಯಿತು. ಮೇಲೆ ಒಂದು ಸಾಲು ಹೆಸರು. ಅವಳದು ಮೊದಲು, ಉಳಿದವರಲ್ಲಿ ಯಾರು ಚೈನು ಎಳೆದಿದ್ದರು, ಯಾರು ಬರ್ಫ ತಂದಿದ್ದರು ಎಂದು ನಾನು ಕೇಳಿದೆ. ಅವಳು ನಕ್ಕಳು. ಗೈಡಿನ ಹೆಸರು ಕೊನೆಯಲ್ಲಿತ್ತು, ಅದು ದೊಡ್ಡವರ ಜಾಗವಂತೆ. ಹಗೇವಿನ ಬಗ್ಗೆ ಒಳಗೆ ಒಂದೇ ವಾಕ್ಯ: ಸ್ಥಿರ ಉಷ್ಣತೆಯಲ್ಲಿ ಬೆಳೆಸಲಾಯಿತು.

ಲೇಖನ ಅಚ್ಚಾಗುವ ಮೊದಲೇ, ಹೊಸ ವರ್ಷಕ್ಕೆ, ಬೀಗರು ಮೂಡಲಗಿಗೆ ಬಂದಿದ್ದರು. ಸಾಲಿಯ ಜಾಗಕ್ಕೆ ಬೇರೆ ಯಾರೋ ಸೇರಿದ್ದರು. ಮಗಳು ಮೊಬೈಲಿನಲ್ಲಿ ರಿಯಾಕ್ಟರಿನಲ್ಲಿ ಹಿಡಿದ ಅಲೆಯ ಚಿತ್ರ ತೋರಿಸಿದಳು: ಕಪ್ಪು ಹಿನ್ನೆಲೆ, ಅದರ ಮೇಲೆ ಕಮಾನಿನ ಹಾಗೆ ಬಾಗಿದ ಒಂದು ಕೆಂಪು ಗೆರೆ, ಒಂದು ಕಡೆ ಮಾತ್ರ ಕುಂಕುಮ ಒರೆಸಿದಂತೆ ಹರಡಿಕೊಂಡಿತ್ತು. ಬೀಗರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಅಷ್ಟು ವರ್ಷ ವಿಜ್ಞಾನ ಕಲಿಸಿದವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮಗಳು ಒಳಗೆ ಹೋದ ಮೇಲೆ ನನಗೆ ಹೇಳಿದರು: "ಕೈಯಾಗಿನ ನೌಕರಿ ಹೋತು. ಈ ಮಸಕ ಪಟ್ಟಿ ಇಟಗೊಂಡು ಏನ ಮಾಡೂದ್ರಿ? ನೀವ ಮಾತ ಕೊಟ್ಟ ಕೆಡಸಿದ್ರಿ. ಕಡೀಕೆ ನಿಮಗರ ಏನ ಬಂತು, ಹೇಳ್ರಿ ನೋಡೂಣು."

"ಹಿಡದ ಕೆಲಸಾ ಮುಗಸ್ಯಾಳ. ನೀವು ಯಾವದ ಮುಗಸೀರಿ?" ಎಂದೆ.

ಅವರು ಕೆಂಪು ಪೆನ್ನು ಮುಟ್ಟಿ ನೋಡಿಕೊಂಡು ಎದ್ದು ಹೋದರು. ಆಮೇಲೆ ಬಂದಿಲ್ಲ. ನನಗೆ ಏನು ಬಂತೆಂದು ಹುಕ್ಕೇರಿಯಲ್ಲಿ ಈಗಲೂ ಕೇಳುತ್ತಾರಂತೆ. ಬಂದದ್ದರ ಲೆಕ್ಕ ನಾನಿಡುವುದಿಲ್ಲ. ಇರುವುದು ಇಷ್ಟು: ಒಂದು ಶೆಡ್ಡು, ಮೂರು ವೆಲ್ಡಿಂಗ್ ಮಷಿನ್, ಐದು ಮಂದಿ ಆಳು, ನಾಲ್ಕು ಎಕರೆ ಕಬ್ಬು, ಎರಡು ಎಮ್ಮೆ, ಒಂದು ಮನೆ. ಮನೆಯಲ್ಲಿ ಅವ್ವ, ಹೆಂಡತಿ, ಮಗ, ಸೊಸೆ.